ಹಗ್ಗದಾಚೆಯ ಅಡುಗೆಮನೆ

ಪ್ರದರ್ಶನ ಭವನದಲ್ಲಿ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಬೆಳಿಗ್ಗೆ ಬೀಗ ತೆಗೆಯುವವಳು ಅವಳು, ಸಂಜೆ ದೀಪ ಆರಿಸುವವಳೂ ಅವಳೇ. ನಡುವೆ ಗುಡಿಸುವುದು, ಒರೆಸುವುದು, ಶೌಚಾಲಯ ತೊಳೆಯುವುದು, ಬೆಟ್ಟದ ಧೂಳು ಹೊಡೆಯುವುದು.

ಬೆಟ್ಟ ಎಂದರೆ ಪ್ಲಾಸ್ಟರಿನದು. ಭವನದ ನಡುವೆ ಆಳೆತ್ತರಕ್ಕೆ, ಕೊಯ್ದಿಟ್ಟ ಹಣ್ಣಿನ ಹಾಗೆ ಒಂದು ಪಕ್ಕ ತೆರೆದುಕೊಂಡು ನಿಂತಿದೆ. ಒಳಗೆ ಪದರ ಪದರ, ಪದರಗಳ ನಡುವೆ ಒಂದು ಕೊಳವೆ. ಗುಂಡಿ ಒತ್ತಿದರೆ ಬುಡದಲ್ಲಿ ಕೆಂಪು ದೀಪ ಹತ್ತಿ, ಕೊಳವೆಯಲ್ಲಿ ಏರಿ, ನೆತ್ತಿಯಲ್ಲಿ ಮಿನುಗುತ್ತದೆ. ಅಕ್ಕ ಅದನ್ನು ಬಣ್ಣ ಬಳಿಯುವ ಅಗಲ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಸವರುತ್ತಾಳೆ. ಒದ್ದೆ ಬಟ್ಟೆ ಮುಟ್ಟಿಸುವುದಿಲ್ಲ. ಆ ಊರಿನ ಯಾವ ಹೆಂಗಸೂ ಧೂಳಿಗೆ ಮೊದಲು ಒದ್ದೆ ಬಟ್ಟೆ ಮುಟ್ಟಿಸುವುದಿಲ್ಲ. ನಿಜವಾದ ಬೆಟ್ಟ ಉಗುಳುವ ಬೂದಿ ಒಲೆಯ ಬೂದಿಯಂಥದ್ದಲ್ಲ, ಅರೆದ ಗಾಜು. ಉಜ್ಜಿದರೆ ಕಿಟಕಿಗೂ ಗೀರು, ಪಾತ್ರೆಗೂ ಗೀರು, ಬೆರಳಿಗೂ ಗೀರು. ನೀರು ಸುರಿದರೆ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಪ್ರತಿ ಮನೆಯಲ್ಲೂ ಎರಡು ಪೊರಕೆ, ಒಂದು ಮನೆಗೆ, ಒಂದು ಬೆಟ್ಟಕ್ಕೆ.

ನಿಜವಾದ ಬೆಟ್ಟ ಭವನದ ಹಿಂದಿನ ಕಿಟಕಿಯಿಂದ ಕಾಣುತ್ತದೆ. ಊರವರು ಅದನ್ನು ಅಜ್ಜ ಎನ್ನುತ್ತಾರೆ. ಹೊಗೆ ಬಂದರೆ ಅಜ್ಜ ಬೀಡಿ ಹಚ್ಚಿದ, ನೆಲ ನಡುಗಿದರೆ ಅಜ್ಜ ಮಗ್ಗುಲು ಬದಲಾಯಿಸಿದ, ಬೂದಿ ಬಿದ್ದರೆ ಅಜ್ಜ ಕೆಮ್ಮಿದ. ಕೆಮ್ಮಿದ್ದನ್ನು ಒರೆಸುವವರು ಯಾರು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ, ಅದು ಹೇಳಬೇಕಾದ ಸಂಗತಿಯೂ ಆಗಿರಲಿಲ್ಲ.

ಬಂದವರಿಗೆ ವಿವರಣೆ ಕೊಡುವ ಹುಡುಗಿಯ ಹೆಸರು ಮೈಕಮ್ಮ ಎಂದೇ ಆಗಿಹೋಗಿದೆ. ಕೊರಳಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡೇ ಊಟಕ್ಕೂ ಕೂರುತ್ತಾಳೆ. "ನೆಲದ ಚಿಪ್ಪು ಒಂದೇ ತುಂಡಲ್ಲ, ಹಲವು ಫಲಕ," ಎಂದು ಶುರು ಮಾಡುತ್ತಾಳೆ. "ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುತ್ತೆ. ನುಗ್ಗುವಾಗ ಸಮುದ್ರದ ನೀರನ್ನೂ ಒಳಗೆ ಒಯ್ಯುತ್ತೆ. ಆಳದಲ್ಲಿ ಆ ನೀರು ಬಿಸಿ ಬಂಡೆಗೆ ಸೇರಿದರೆ ಬಂಡೆ ಕರಗೋಕೆ ಶುರು. ಕರಗಿದ್ದು ಹಗುರ, ಅದು ಮೇಲೆ ಬರುತ್ತೆ. ಜೊತೆಗೆ ಅನಿಲ ಬರುತ್ತೆ. ಈಗ ಗಂಜಿ ಕುದಿಯೋದನ್ನ ನೆನಪಿಸ್ಕೊಳ್ಳಿ. ತೆಳ್ಳಗಿದ್ದರೆ ಗುಳ್ಳೆ ಸುಮ್ಮನೆ ಒಡೆಯುತ್ತೆ. ಗಟ್ಟಿಯಾಗಿದ್ದರೆ ಗುಳ್ಳೆ ಸಿಕ್ಕಿಹಾಕ್ಕೊಂಡು ಮುಖಕ್ಕೆ ಸಿಡಿಯುತ್ತೆ. ತೆಳ್ಳಗಿನ ಲಾವಾ ದೂರದವರೆಗೆ ಹರಿದು ಗುರಾಣಿ ಕವುಚಿದ ಹಾಗೆ ಅಗಲದ ಬೆಟ್ಟ ಕಟ್ಟುತ್ತೆ. ಅದು ನಡೆದು ಬರುತ್ತೆ, ನೀವೂ ನಡೆದೇ ತಪ್ಪಿಸ್ಕೋಬಹುದು. ಸುಟ್ಟ ಕಲ್ಲಿನ ಚೂರು, ಅದೇ ಕಿಟ್ಟ, ಚಿಮ್ಮಿ ಸುತ್ತ ಬಿದ್ದರೆ ಪುಟ್ಟ ಕಿಟ್ಟದ ಗುಡ್ಡ. ನಮ್ಮದು ಮೂರನೇ ಥರ, ಪದರ ಬೆಟ್ಟ. ಒಂದು ಸಲ ಲಾವಾ, ಒಂದು ಸಲ ಬೂದಿ, ಮತ್ತೆ ಲಾವಾ, ಮತ್ತೆ ಬೂದಿ. ಕೆಳಗಿನದು ಹಳೇದು, ಮೇಲಿನದು ಹೊಸದು. ಇದರ ಗಂಜಿ ಗಟ್ಟಿ."

"ನೀನು ಜನ್ಮದಲ್ಲಿ ಗಂಜಿ ಕಾಯಿಸಿದ್ದೀಯೇನೇ?" ಎಂದು ಟಿಕೆಟ್ ಕೊಡುವವನು ಕೇಳುತ್ತಾನೆ.

"ನಿಮ್ಮ ಮನೇಲಿ ನೀವು ಕಾಯಿಸ್ತೀರಲ್ಲ, ಅಷ್ಟೇ ನಾನೂ."

ಅಕ್ಕನಿಗೆ ಈ ಮಾತುಗಳೆಲ್ಲ ನಲ್ಲಿಯ ಸದ್ದು. ಬರುತ್ತಿದೆ ಎಂದು ಗೊತ್ತು, ಕೇಳುವುದಿಲ್ಲ. ಗಂಡ ಸತ್ತ ಮೇಲೆ ಹೀಗೆ. ಅಳು ಬರಲಿಲ್ಲ. ತಡೆದುಕೊಂಡದ್ದಲ್ಲ, ಬರಲೇ ಇಲ್ಲ. ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾಳೆ. ಒಮ್ಮೆ ಓರಗಿತ್ತಿ ಹೌಹಾರಿ ಅವಳ ಕೈಯನ್ನು ನೀರಿಗೆ ಹಿಡಿದಳು. ಅಕ್ಕ ಆ ಕೈಯನ್ನು ಯಾರದೋ ಕೈ ನೋಡುವ ಹಾಗೆ ನೋಡಿದಳು.

ಗಂಡ ಗಾರೆ ಕೆಲಸದ ಮೇಸ್ತ್ರಿ. ಬೆಟ್ಟದ ಮಗ್ಗುಲ ಬೀದಿಯಲ್ಲಿ ಅವನೇ ಕಟ್ಟಿದ ಎರಡು ಕೋಣೆಯ ಮನೆ. ಆ ಬೀದಿಯಲ್ಲಿ ಬೂದಿ ಬಿದ್ದಾಗ ಹಿಂದಿನಿಂದಲೂ ಒಂದು ಪದ್ಧತಿ. ಹೆಂಗಸರು ಮಕ್ಕಳು ಲಾರಿ ಹತ್ತಿ ಕೆಳಗಿನ ಊರಿಗೆ ಹೋಗುವುದು, ಗಂಡಸರು ಉಳಿದು ಮಾಳಿಗೆ ಕಾಯುವುದು. ಬೂದಿ ಒಣಗಿದ್ದಾಗಲೇ ಭಾರ, ಮಳೆ ಬಿದ್ದರೆ ಅದರ ದುಪ್ಪಟ್ಟು. ಎತ್ತಿ ಹಾಕದಿದ್ದರೆ ಸೂರು ಕುಸಿಯುತ್ತದೆ. ಹೋಗುವ ಹೆಂಗಸರು ಉಳಿಯುವವರಿಗೆ ಅಡುಗೆ ಮಾಡಿಟ್ಟು ಹೋಗಬೇಕು. ಮಾಳಿಗೆ ಕಾಯುವುದಕ್ಕೆ ಆಮೇಲೆ ಮೆಚ್ಚುಗೆ, ಹಾರ, ಬೀದಿ ಬೀದಿಯಲ್ಲಿ ಕಥೆ. ಅಡುಗೆ ಮಾಡಿಟ್ಟು ಹೋಗುವುದಕ್ಕೆ ಏನೂ ಇಲ್ಲ. ಮಾಡದಿದ್ದರೆ ಮಾತ್ರ ಮಾತು.

ಅಜ್ಜ ಯಾವಾಗಲೂ ಒಂದು ದಿನ ಕೆಮ್ಮಿ ಮಲಗುತ್ತಿದ್ದ. ಎಲ್ಲರ ಅನುಭವವೂ ಅದೇ, ಅಪ್ಪಂದಿರ ಅನುಭವವೂ ಅದೇ. ಅಷ್ಟು ದಿನ ಜೊತೆಗೆ ಬಾಳಿದವರಿಗೇ ಬರುವಂಥ ಧೈರ್ಯ. ಬೆಟ್ಟ ಕಾಣದ ಊರಿನವನಾಗಿದ್ದರೆ ಮೊದಲ ಲಾರಿಗೇ ಓಡುತ್ತಿದ್ದ. ಆ ಸಲ ಎರಡು ದಿನ ಬೂದಿ ಬಿತ್ತು. ಎರಡನೇ ದಿನ ಖಾಲಿ ಲಾರಿ ಮತ್ತೆ ಮೇಲೆ ಬಂದಿತು, ಗಂಡಸರು ಮಾಳಿಗೆಯಿಂದಲೇ ಕೈ ಬೀಸಿ ಕಳಿಸಿದರು. ಮೂರನೇ ಬೆಳಿಗ್ಗೆ ಬೂದಿ ಮೇಲಕ್ಕೆ ಹೋಗಲಿಲ್ಲ. ಬಿಸಿ ಮೋಡವಾಗಿ ಇಳಿಜಾರಿನಲ್ಲಿ ಉರುಳಿ ಬಂತು. ಅದು ಲಾವಾದ ಹಾಗೆ ನಡೆದು ಬರುವಂಥದ್ದಲ್ಲ. ಮೇಸ್ತ್ರಿ ಮಾಳಿಗೆಯ ಮೆಟ್ಟಿಲ ಮೇಲೆ ಸಿಕ್ಕಿದ.

ಮೊದಲ ದಿನದ ಸಂಜೆ ಅವನು ತನ್ನ ತಾಯಿಗೆ ಫೋನು ಮಾಡಿದ್ದ. ತಾಯಿ ಆಗ ಕೆಳಗಿನ ಊರಿನಲ್ಲಿ ಚಿಕ್ಕ ಮಗನ ಮನೆಯಲ್ಲಿದ್ದಳು. "ಇನ್ನೂ ಊಟ ಆಗಿಲ್ಲಮ್ಮ," ಎಂದಿದ್ದ. ಅಷ್ಟರಲ್ಲಿ ಲೈನು ಹೋಯಿತು. ಮತ್ತೆ ಸಿಗಲೇ ಇಲ್ಲ.

ಆ ನಾಲ್ಕು ಮಾತಿನ ಮೇಲೆ ಅತ್ತೆ ಒಂದು ಮನೆಯನ್ನೇ ಕಟ್ಟಿಕೊಂಡಳು. ಸೊಸೆ ಅಡುಗೆ ಮಾಡಿಡದೆ ಲಾರಿ ಹತ್ತಿದಳು, ಮಗ ಎರಡು ದಿನ ಉಪವಾಸ ಬೂದಿ ಎತ್ತಿ ಸತ್ತ. ಈಗ ಅತ್ತೆ ಸೊಸೆ ಇಬ್ಬರೂ ಮೈದುನನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಎರಡು ಮಂಚದ ನಡುವೆ ಒಂದು ಕುರ್ಚಿ ಇಡುವಷ್ಟು ಜಾಗ. ಬಂದವರೆದುರು, ಹಾಲಿನವನೆದುರು, ಗೋಡೆಯೆದುರು ಅತ್ತೆ ಅದನ್ನೇ ಹೇಳುತ್ತಾಳೆ. "ಹಸಿದುಕೊಂಡು ಹೋದ ನನ್ನ ಕಂದ."

ಅಕ್ಕ ಮೊದಲು, "ಮಾಡಿಟ್ಟಿದ್ದೆ ಅತ್ತೆ, ಅಕ್ಕಿ ಬೇಳೆ ಒಟ್ಟಿಗೆ ಇಟ್ಟಿದ್ದೆ," ಎನ್ನುತ್ತಿದ್ದಳು. ವರ್ಷ ಕಳೆದ ಹಾಗೆ ಆ ಮಾತೂ ನಿಂತಿತು. ಅತ್ತೆಗೆ ಹೆದರಿಯಲ್ಲ. ಅವಳಿಗೇ ಖಾತ್ರಿ ಹೋಗಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟದ್ದು ಕಣ್ಣಿಗೆ ಕಟ್ಟುತ್ತದೆ, ನಿಜ. ಆದರೆ ಅದನ್ನು ಅವಳು ಮದುವೆಯಾದಾಗಿನಿಂದ ದಿನವೂ ಇಟ್ಟಿದ್ದಾಳೆ. ಕಣ್ಣಿಗೆ ಕಟ್ಟುವುದು ಯಾವ ದಿನದ್ದು? ಮದುವೆ ನೆನಪಿರುತ್ತದೆ, ಹೆರಿಗೆ ನೆನಪಿರುತ್ತದೆ. ಇಟ್ಟ ಪಾತ್ರೆ ಯಾರಿಗೆ ನೆನಪಿರುತ್ತದೆ? ಲಾರಿ ಹಾರ್ನು ಹಾಕುತ್ತಿತ್ತು, ಬೂದಿಯ ಕತ್ತಲು ಕವಿದಿತ್ತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. ಇಟ್ಟೆನೋ, ಇಡಬೇಕು ಅಂದುಕೊಂಡು ಹೊರಟೆನೋ. ಅವಳಿಗೆ ತಿಳಿಯಬೇಕಾದದ್ದು ಅದೊಂದೇ ಆಗಿತ್ತು. ತಿಳಿದುಕೊಳ್ಳಲು ದಾರಿ ಇರಲಿಲ್ಲ. ಆ ಬೀದಿಗೆ ಬೇಲಿ ಹಾಕಿ ಯಾರನ್ನೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಭವನಕ್ಕೆ ಮರದ ಪೆಟ್ಟಿಗೆಗಳು ಬಂದವು.

ಭವನದ ಮುಖ್ಯಸ್ಥೆ ಕಲ್ಲು ಓದುವ ವಿಜ್ಞಾನಿ. ಎಲ್ಲಿ ಹೋದರೂ ಚೀಲದ ತುಂಬ ಕಲ್ಲು ತರುವುದರಿಂದ ಎಲ್ಲರಿಗೂ ಬಂಡೆ ಮೇಡಂ. ಅವರ ತಂಡ ಬೇಲಿಯೊಳಗಿನ ಬೀದಿಯನ್ನು ಅಗೆದಾಗ ಒಂದೇ ಒಂದು ಮನೆಯ ಸೂರು ನಿಂತಿತ್ತು, ಕೊನೆಯವರೆಗೆ ಬೂದಿ ಎತ್ತಿ ಹಾಕಿದ್ದ ಮೇಸ್ತ್ರಿಯ ಮನೆ. ಸೂರು ನಿಂತದ್ದರಿಂದ ಅಡುಗೆಮನೆ ಇದ್ದ ಹಾಗೇ ಉಳಿದಿತ್ತು. ಅದನ್ನು ಗೋಡೆಸಮೇತ ತುಂಡು ತುಂಡಾಗಿ ತಂದು, ಬೂದಿ ಚದುರದ ಹಾಗೆ ತೆಳು ಅಂಟು ಸಿಂಪಡಿಸಿ, ಪರದೆಯ ಹಿಂದೆ ಮತ್ತೆ ಜೋಡಿಸಿದರು. ಒಪ್ಪಿಗೆ ಕೊಟ್ಟವರು ಅತ್ತೆ ಮತ್ತು ಮೈದುನ. ಮನೆ ಇದ್ದದ್ದು ಮೇಸ್ತ್ರಿಯ ಹೆಸರಿನಲ್ಲಿ, ಆದ್ದರಿಂದ ಕೇಳಬೇಕಾದವರನ್ನು ಕೇಳಿದ್ದರು. ಆ ಅಡುಗೆಮನೆಯಲ್ಲಿ ಅಷ್ಟು ವರ್ಷ ನಿಂತವಳಿಗೆ ಸುದ್ದಿ ಬಂದದ್ದು ಹೀಗೆ: "ಅಕ್ಕ, ಪರದೆ ಹಿಂದೆ ಗುಡಿಸಬೇಡಿ. ಅಲ್ಲಿನ ಧೂಳು ಬೇಕಾಗಿರೋ ಧೂಳು."

"ಆಯ್ತು," ಎಂದಳು.

ತಿಂಗಳುಗಟ್ಟಲೆ ಆ ಪರದೆಯ ಅಂಚಿನವರೆಗೆ ಗುಡಿಸಿ ಪೊರಕೆ ಹಿಂದಕ್ಕೆಳೆದುಕೊಂಡಳು. ಒಂದು ಸಲವೂ ಎತ್ತಿ ನೋಡಲಿಲ್ಲ. ನೋಡಿದರೆ ತಿಳಿದುಬಿಡುತ್ತದೆ. ಒಲೆಯ ಮೇಲೆ ಏನೂ ಇರದಿದ್ದರೆ?

ಪ್ರದರ್ಶನ ತೆರೆಯುವ ಹಿಂದಿನ ದಿನ ಮೈದುನನನ್ನು ಕರೆದು ತೋರಿಸಿದರು. ಅವನು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದ, "ಎಲ್ಲ ಚೆನ್ನಾಗಿ ಮಾಡಿದಾರೆ. ಸಿಂಕ್ ಒಂದು ಬಿಟ್ಟು. ಮುಸುರೆ ಪಾತ್ರೆ ರಾಶಿ ಬಿದ್ದಿದೆ."

ಅತ್ತೆ ಹಿಡಿದಿದ್ದ ಲೋಟ ಕೆಳಗಿಟ್ಟಳು. "ಕೇಳಿದೆಯಾ? ಅಡುಗೆ ಮಾಡಿಡಲಿಲ್ಲ ಸರಿ. ಪಾತ್ರೆನೂ ತೊಳೆದಿಡಲಿಲ್ಲ. ನಾಳೆ ಊರೆಲ್ಲ ಬಂದು ನಮ್ಮನೆ ಮುಸುರೆ ನೋಡುತ್ತೆ, ಟಿಕೆಟ್ ತಗೊಂಡು."

"ನಾನು ತೊಳೆದೇ ಹೊರಟಿದ್ದೆ," ಎಂದಳು ಅಕ್ಕ. ದನಿಯಲ್ಲಿ ಏನೂ ಇರಲಿಲ್ಲ.

"ಬೀಗದ ಕೈ ನಿನ್ನ ಹತ್ರ ತಾನೇ? ಬೆಳಿಗ್ಗೆ ಹೋಗಿ ತೊಳಿ. ನಾನೂ ಬರ್ತೀನಿ. ನಿನ್ನ ನಂಬೋಕಾಗಲ್ಲ."

"ಮುಟ್ಟಬಾರದು ಅಂದಿದಾರೆ. ಕೆಲಸ ಹೋಗುತ್ತೆ."

"ಹೋಗಲಿ. ಮನೇಲಿ ಕೆಲಸ ಕಡಿಮೆ ಇದೆಯಾ?"

ಒಳಗಿನಿಂದ ಓರಗಿತ್ತಿ ಕೆಮ್ಮಿದಳು. ನಗುವನ್ನು ಕೆಮ್ಮಾಗಿ ಮಾಡಿದ ಕೆಮ್ಮು.

ಬೆಳಿಗ್ಗೆ ಇಬ್ಬರೂ ಹೊರಟರು. ಅತ್ತೆಗೆ ಮಂಡಿನೋವು. ಎರಡು ಅಂಗಡಿಗೊಮ್ಮೆ ನಿಂತು, ನಿಂತಾಗಲೆಲ್ಲ ಬೈದಳು. ಅಕ್ಕ ಪಕ್ಕದಲ್ಲಿ ನಿಂತು ಕಾದಳು. ಭವನದ ಬೀಗ ತೆಗೆದು ಬಕೆಟ್ಟಿಗೆ ನೀರು ತುಂಬಿಸಿದಳು. ತಾನು ತೊಳೆಯುತ್ತೇನೋ ಇಲ್ಲವೋ ಎಂದು ಯೋಚಿಸಿರಲಿಲ್ಲ. ಬಕೆಟ್ ಹಿಡಿದ ಕೈ ಬಕೆಟ್ ಹಿಡಿದಿತ್ತು, ಅಷ್ಟೇ. ಪರದೆಯನ್ನು ಅತ್ತೆಯೇ ಸರಿಸಿದಳು.

ಕೆಂಪು ಹಗ್ಗ. ಅದರಾಚೆ ಅವಳ ಅಡುಗೆಮನೆ.

ಎಲ್ಲವೂ ಒಂದೇ ಬಣ್ಣ, ಬೂದು. ಡಬ್ಬಿಗಳು ಬೂದು, ಗೋಡೆಯ ಮೊಳೆ ಬೂದು, ಮೊಳೆಗೆ ನೇತುಹಾಕಿದ ಜರಡಿ ಬೂದು. ನೀರು ತುಂಬಿಸಿಟ್ಟಿದ್ದ ಪ್ಲಾಸ್ಟಿಕ್ ಬಕೆಟ್ ಬಿಸಿಗೆ ಸೊರಗಿ ಒಂದು ಪಕ್ಕಕ್ಕೆ ಕುಕ್ಕರಿಸಿತ್ತು. ಸಿಂಕಿನ ಮೇಲೆ ಗವಾಕ್ಷಿ ಬಾಯಿ ತೆರೆದಿತ್ತು. ಊರಿಗೆಲ್ಲ ಕಿಟಕಿ ಕೂರಿಸುವ ಮೇಸ್ತ್ರಿ ತನ್ನ ಮನೆಯ ಗವಾಕ್ಷಿಗೊಂದು ಬಾಗಿಲು ಕೂರಿಸಿರಲಿಲ್ಲ. ಭಾನುವಾರ ಮಾಡ್ತೀನಿ ಎನ್ನುತ್ತಿದ್ದ. ಬೂದಿ ಬಿದ್ದಾಗಲೆಲ್ಲ ಅಕ್ಕ ಹಳೆಯ ದಿಂಬಿನ ಚೀಲ ತುರುಕುತ್ತಿದ್ದಳು. ಅವಳಿಲ್ಲದಾಗ ತುರುಕಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಚೀಲ ಕಟ್ಟೆಯ ಮೇಲೇ ಇತ್ತು.

"ನೋಡು," ಎಂದಳು ಅತ್ತೆ. "ನೋಡು ಹೇಗೆ ಬಿಟ್ಟು ಹೋಗಿದೀಯ."

ಸಿಂಕಿನಲ್ಲಿ ತಟ್ಟೆಗಳು ಒಂದರ ಮೇಲೊಂದು ಇದ್ದವು. ಅಕ್ಕ ಹಗ್ಗದ ಕೆಳಗೆ ನುಸುಳಿ ಹತ್ತಿರ ಹೋದಳು. ಬಾಗಿ ಪಕ್ಕದಿಂದ ನೋಡಿದಳು. ತಟ್ಟೆ, ಅದರ ಮೇಲೆ ಬೂದಿಯ ತೆಳು ಗೆರೆ, ತಟ್ಟೆ, ಮತ್ತೆ ಬೂದಿಯ ಗೆರೆ, ಮತ್ತೆ ತಟ್ಟೆ. ಪ್ಲಾಸ್ಟರಿನ ಬೆಟ್ಟದ ಕೊಯ್ದ ಪಕ್ಕದ ಹಾಗೆ. ಕೆಳಗಿನದು ಹಳೇದು, ಮೇಲಿನದು ಹೊಸದು ಎಂಬ ಮೈಕಮ್ಮನ ಮಾತು, ಅಷ್ಟು ದಿನ ಕಿವಿಯ ಹೊರಗೇ ನಿಂತಿದ್ದದ್ದು, ಈಗ ಒಳಗೆ ಬಂತು.

"ಇದು ನಾನು ಬಿಟ್ಟಿದ್ದಲ್ಲ ಅತ್ತೆ."

"ಇನ್ಯಾರು? ಅಜ್ಜ ಇಳಿದು ಬಂದು ಉಂಡು ಹೋದನಾ?"

"ಒಂದೇ ಸಲ ಹಾಕಿದ ಪಾತ್ರೆ ಆಗಿದ್ದರೆ ನಡುವೆ ಬೂದಿ ಎಲ್ಲಿಂದ ಬರುತ್ತೆ? ಒಂದು ತಟ್ಟೆ ಹಾಕಿದಾರೆ. ಅದರ ಮೇಲೆ ಬೂದಿ ಬಿದ್ದಿದೆ. ಆಮೇಲೆ ಇನ್ನೊಂದು ಹಾಕಿದಾರೆ. ಮನೇಲಿದ್ದ ತಟ್ಟೆ ಎಲ್ಲ ಇಲ್ಲೇ ಇವೆ."

ಅತ್ತೆ ಹಗ್ಗ ಹಿಡಿದು ನಿಂತಳು. ಬಗ್ಗಲು ಮಂಡಿ ಬಿಡಲಿಲ್ಲ. ಅಕ್ಕ ಹಗ್ಗವನ್ನು ಕೊಂಡಿಯಿಂದ ಬಿಡಿಸಿದಳು. ಅತ್ತೆ ಒಳಗೆ ಬಂದು, ಕಣ್ಣು ಕಿರಿದು ಮಾಡಿ, ರಾಶಿಯ ಮೇಲಿನದನ್ನು ನೋಡಿದಳು. ಅದು ತಟ್ಟೆಯಲ್ಲ. ದೊಡ್ಡ ಪಾತ್ರೆಯ ಮುಚ್ಚಳ. ಮಗುಚಿ ಹಾಕಿದ ಮುಚ್ಚಳದಲ್ಲಿ ಒಂದು ಚಮಚ, ಒಣಗಿ ಕಪ್ಪಾದ ಕೆಲವು ಅಗುಳು.

"ಮುಚ್ಚಳದಲ್ಲಿ ಉಂಡಿದಾನೆ," ಎಂದಳು ಅತ್ತೆ.

"ತಟ್ಟೆ ಮುಗಿದವಲ್ಲ."

"ಒಂದು ತೊಳೆದುಕೋಬಾರದಾ."

"ನೀರು ಕುಡಿಯೋಕೆ ಬೇಕು ಅಂತ ಉಳಿಸ್ಕೊಂಡಿರ್ಬೇಕು."

"ನೀರು ಉಳಿಸೋನಂತೆ." ಅತ್ತೆಯ ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ನಗುವೂ ಅಲ್ಲ, ಅಳುವೂ ಅಲ್ಲ. "ಚಿಕ್ಕವನಿದ್ದಾಗಲೂ ಹೀಗೇ. ಒಂದು ಸಲ ಉಂಡ ತಟ್ಟೆ ಮತ್ತೆ ಮುಟ್ತಿರಲಿಲ್ಲ. ಇರಲಿ ಗಂಡು ಮಗು ಅಂತ ನಾನೇ ತೊಳಿತಿದ್ದೆ."

ಅಕ್ಕ ಒಲೆಯ ಕಡೆ ತಿರುಗಿದಳು. ಅಲ್ಲಿಯವರೆಗೂ ತಿರುಗಿರಲಿಲ್ಲ. ದೊಡ್ಡ ಪಾತ್ರೆ ಒಲೆಯ ಮೇಲಿತ್ತು. ಒಳಗೆ ಸೌಟು. ಪಾತ್ರೆ ಖಾಲಿಯಾಗಿತ್ತು, ಬದಿಯೆಲ್ಲ ಸೌಟಿನಿಂದ ಕೆರೆದ ಗೀರು. ತಳದಲ್ಲಿ ಅಂಗೈಯಗಲ ಸೀದ ಕಪ್ಪು ಕಚ್ಚಿಕೊಂಡಿತ್ತು. ಗ್ಯಾಸ್ ಒಲೆಯ ಗುಂಡಿ ಆರಿಸಿದ ಕಡೆಗೆ ತಿರುಗಿತ್ತು.

ಅವಳು ಬಹಳ ಹೊತ್ತು ಆ ಕಪ್ಪನ್ನು ನೋಡಿದಳು. ಇಟ್ಟಿದ್ದೆ. ಆ ದಿನವೇ ಇಟ್ಟಿದ್ದೆ. ಲಾರಿಯ ಹಿಂದಿನ ಹಲಗೆ ಹಿಡಿದು ಮಾಳಿಗೆಯ ಕಡೆಗೆ ಕೂಗಿದ್ದೆ, ಒಲೆ ಆರಿಸಿ ಅಂತ. ಅವನು ಸನಿಕೆ ಎತ್ತಿ ತೋರಿಸಿದ್ದ. ಬೇರೆ ಯಾವ ದಿನವೂ ಪಾತ್ರೆ ಹೀಗೆ ಸೀದಿರಲಿಲ್ಲ, ಆರಿಸುವವಳು ಅವಳೇ ಆಗಿದ್ದಳಲ್ಲ. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದಳು. ಏನೂ ಆಗಲಿಲ್ಲ. ಬಕೆಟ್ ಕೆಳಗಿಟ್ಟಳು.

"ಅಕ್ಕ, ಹಗ್ಗ..." ಬಂಡೆ ಮೇಡಂ ಪರದೆಯ ಹತ್ತಿರ ನಿಂತಿದ್ದರು. ಬಕೆಟ್ ನೋಡಿದರು, ಅತ್ತೆಯನ್ನು ನೋಡಿದರು. ಹಿಂದೆ ಮೈಕಮ್ಮ.

"ಮುಟ್ಟಿಲ್ಲ ಮೇಡಂ."

"ಗೊತ್ತು." ಮೇಡಂ ಒಳಗೆ ಬಂದರು. "ಈ ಸಿಂಕ್ ಬಗ್ಗೆ ನಿಮ್ಮನ್ನೇ ಕೇಳಬೇಕು ಅಂತಿದ್ದೆ. ಇದು ಒಂದೇ ಊಟದ್ದಲ್ಲ, ಬೇರೆ ಬೇರೆ ಹೊತ್ತಿನದು ಅಂತ ಬೂದಿ ನೋಡಿದ್ರೆ ತಿಳಿಯುತ್ತೆ. ಎಷ್ಟು ಜನ ಇದ್ರು ಅಂತ ಬೂದಿ ಹೇಳಲ್ಲ."

"ನಾನು ನೆಂಟರು ಬಂದಿದ್ರು ಅಂತ ಹೇಳೋಣ ಅಂದ್ಕೊಂಡಿದ್ದೆ," ಎಂದಳು ಮೈಕಮ್ಮ.

"ಒಬ್ಬನೇ," ಎಂದಳು ಅತ್ತೆ. "ನನ್ನ ಮಗ. ಒಬ್ಬನೇ ಕೂತು ಅಷ್ಟೂ ಉಂಡಿದಾನೆ."

ಮೇಡಂ ಕೈಯಲ್ಲಿ ಅಡುಗೆಮನೆಯ ಮುಂದೆ ನಿಲ್ಲಿಸುವ ಫಲಕವಿತ್ತು. ಅತ್ತೆ ಓದು ಎಂದಳು, ಮೈಕಮ್ಮ ಓದಿದಳು. "ಬೂದಿಯಲ್ಲಿ ಉಳಿದ ಒಬ್ಬ ಮೇಸ್ತ್ರಿಯ ಅಡುಗೆಮನೆ."

"ಅವನು ಅಡುಗೆಮನೆಗೆ ಬಂದದ್ದೇ ಆ ಎರಡು ದಿನ," ಎಂದಳು ಅತ್ತೆ.

"ಮತ್ತೆ ಯಾರದು ಅಂತ ಬರೆಸಲಿ ಅಮ್ಮ?"

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಗದ್ದದಿಂದ ತೋರಿಸಿದಳು. "ಇವಳದು."

ಫಲಕ ಮತ್ತೆ ಬರೆಸಿ ತರುವಷ್ಟರಲ್ಲಿ ಜನ ಬಂದರು. ಮಾಳಿಗೆ ಕಾದವನ ಸೂರು ಒಂದೇ ಉಳಿದದ್ದನ್ನು ಮೈಕಮ್ಮ ಹೇಳಿದಳು, ಅವನು ಉಂಡ ಅಡುಗೆ ಯಾರು ಮಾಡಿಟ್ಟು ಹೋದದ್ದು ಎಂಬುದನ್ನೂ ಹೇಳಿದಳು. ಬೂದಿ ಆಕಾಶದ ಎತ್ತರಕ್ಕೆ ಹೋದರೆ ವಿಮಾನಗಳ ಹಾರಾಟ ನಿಲ್ಲುತ್ತದೆ, ಜೊತೆಗೆ ಏರಿದ ಗಂಧಕದ ತೆರೆ ಬಿಸಿಲು ತಡೆದು ದೂರ ದೂರದ ದೇಶಗಳಲ್ಲೂ ಒಂದೆರಡು ವರ್ಷ ತಂಪಾಗುತ್ತದೆ, ಕಾಲ ಕಳೆದ ಮೇಲೆ ಅದೇ ಬೂದಿ ಮಣ್ಣಿಗೆ ಸಾರ ಕೊಡುತ್ತದೆ, ಜನ ಮತ್ತೆ ಮತ್ತೆ ಬೆಟ್ಟದ ಮಗ್ಗುಲಿಗೇ ಮನೆ ಕಟ್ಟುವುದು ಅದಕ್ಕೇ ಎಂದಳು. ಅಕ್ಕ ಹಗ್ಗದ ಈಚೆ, ಬಂದವರ ಕಾಲಿನ ಧೂಳು ಗುಡಿಸುತ್ತಿದ್ದಳು. ಅತ್ತೆ ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದಳು. ಹಸಿದುಕೊಂಡು ಹೋದ ಎಂದು ಯಾರಿಗೂ ಹೇಳಲಿಲ್ಲ.

ಬೀಗ ಹಾಕಿ ಇಬ್ಬರೂ ಮನೆಯ ದಾರಿ ಹಿಡಿದರು. ಎರಡು ಅಂಗಡಿ ದಾಟಿದ ಮೇಲೆ ಅತ್ತೆ ನಿಂತಳು. ಉಸಿರು ತೆಗೆದುಕೊಂಡು ಹೇಳಿದಳು, "ತಳ ಹಿಡಿಸಿದ್ದೀಯ ಕಣೆ."

"ಒಲೆ ಆರಿಸಿ ಅಂತ ಹೇಳಿದ್ದೆ."

"ಅವನು ಕೇಳ್ತಾನಾ." ಮತ್ತೆರಡು ಹೆಜ್ಜೆ. "ಆದರೂ ಕೆರೆದು ತಿಂದಿದಾನೆ."

"ಹ್ಞೂಂ."

ಅತ್ತೆ ಸೊಸೆಯ ತೋಳು ಹಿಡಿದುಕೊಂಡಳು, ಮಂಡಿಗೆ ಆಸರೆಗೆ. ಮುಂದಿನ ಅಂಗಡಿಯ ಮುಂದೆ ನಿಲ್ಲಲಿಲ್ಲ.